ತುಮಕೂರಲ್ಲಿ ವಿಆರ್ ಸೇಫ್ಟಿ ಟ್ರೈನಿಂಗ್, ಹೋಗ್ಬಹುದಾ?

ನಾನು ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್, ಕಂಪ್ನಿಯವ್ರು ಐಟಿಐ ಮುಗಿಸ್ಕೊಂಡು ಬಂದಿರೋ ಅಪ್ರೆಂಟಿಸ್ ಹುಡುಗ್ರ ಜೊತೆ ನನ್ನೂ ತುಮಕೂರಿನ ಒಂದು ಟ್ರೈನಿಂಗ್ ಸೆಂಟರ್‌ಗೆ ಕಳ್ಸಿದ್ರು. ಸೆಂಟರ್ ಹೆಸ್ರು ಬೇಡ ಬಿಡಿ. ವಿಆರ್ ಅಂದ್ರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಹಾಕ್ಕೊಂಡ್ರೆ ನಿಜವಾದ ಜಾಗದಲ್ಲೇ ನಿಂತಂಗೆ ಕಾಣುತ್ತೆ.

ಲಾಕ್‌ಔಟ್ ಟ್ಯಾಗ್‌ಔಟ್ ಮಾಡ್ಯೂಲ್, ಅಂದ್ರೆ ರಿಪೇರಿ ಮಾಡುವಾಗ ಬೇರೆ ಯಾರೂ ಕರೆಂಟ್ ಆನ್ ಮಾಡ್ದಂಗೆ ಬೀಗ ಹಾಕೋದು, ಸಖತ್ತಾಗಿದೆ. ಪ್ಯಾನೆಲ್ ಮುಂದೆ ನಿಲ್ಲಿಸ್ತಾರೆ, ಐಸೊಲೇಟರ್ (ಸಪ್ಲೈ ಕಟ್ ಮಾಡೋ ಸ್ವಿಚ್) ಆಫ್ ಮಾಡಿ ನಿಮ್ದೇ ಬೀಗ ಹಾಕಿ ಟ್ಯಾಗ್ ನೇತಾಕ್ಬೇಕು, ಆಮೇಲೆ ಸಪ್ಲೈ ಇಲ್ಲ ಅಂತ ಟೆಸ್ಟರ್ ಇಟ್ಟು ನೋಡ್ಬೇಕು, ಅದಕ್ಕೂ ಮುಂಚೆ ಆ ಟೆಸ್ಟರ್ರೇ ಸರಿ ಇದ್ಯಾ ಅಂತ ಕರೆಂಟ್ ಇರೋ ಕಡೆ ಇಟ್ಟು ಚೆಕ್ ಮಾಡ್ಬೇಕು. ನಮ್ ಹುಡುಗ ಒಬ್ಬ ಆಫ್ ಮಾಡಿದೀನಲ್ಲ ಅಂತ ಬೀಗ ಹಾಕ್ದೆ ನೇರ ಕರೆಂಟ್ ಹರಿಯೋ ಲೋಹದ ಪಟ್ಟಿಗೆ, ಬಸ್‌ಬಾರ್‌ಗೆ, ಕೈ ಹಾಕ್ದ, ಅಷ್ಟ್ರಲ್ಲಿ ಹಿಂದಿಂದ ಇನ್ನೊಬ್ಬ ಬಂದು ಆನ್ ಮಾಡೋ ಥರ ಅದ್ರಲ್ಲಿ ಸೆಟ್ ಮಾಡಿದಾರೆ, ಢಂ ಅಂತು, ಎಲ್ಲಾ ಕಪ್ಪು. ಹೆಡ್‌ಸೆಟ್ ಕಿತ್ತು 'ಅಣ್ಣಾ, ಸತ್ತೋದೆ ಅಲ್ವಾ' ಅಂದ, ಹಣೆ ತುಂಬ ಬೆವ್ರು. 415 ವೋಲ್ಟ್ ಜೊತೆ ನಿಜವಾಗ್ಲೂ ತಪ್ಪು ಮಾಡಿ ಕಲಿಯೋಕಾಗುತ್ತೇನ್ರೀ?

ಬೆಂಕಿ ಆರ್ಸೋದು ಮಾತ್ರ ಅರ್ಧಂಬರ್ಧ. ಪಿನ್ ಕೀಳು, ಬೆಂಕಿ ಬುಡಕ್ಕೆ ಗುರಿ ಇಡು, ಒತ್ತು, ಆ ಕಡೆ ಈ ಕಡೆ ಆಡ್ಸು, ಕರೆಂಟ್ ಬೆಂಕಿಗೆ ನೀರು ಹಾಕ್ಬೇಡ ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಹೊಡಿ, ಇಷ್ಟು ಬಾಯಿಪಾಠ ಆಗುತ್ತೆ. ಆದ್ರೆ ಕೈಯಲ್ಲಿರೋದು ಟಿವಿ ರಿಮೋಟ್ ಅಷ್ಟು ಹಗುರದ ಕಂಟ್ರೋಲರ್. ನಿಜವಾದ ಸಿಓಟು ಸಿಲಿಂಡರ್ ಮೇಲೆ 4.5 ಕೆಜಿ ಅಂತ ಬರ್ದಿದ್ರೆ ಅದು ಒಳಗಿನ ಗ್ಯಾಸ್ ಲೆಕ್ಕ ಅಷ್ಟೇ, ಉಕ್ಕಿನ ಭಾರ ಬೇರೆ, ಹೊಡಿಯುವಾಗ ಗ್ಯಾಸ್ ಹೊರಗೆ ಬರೋ ಕೊಳವೆ ಬಾಯಿ, ಹಾರ್ನ್, ಹಿಡ್ಕೊಂಡ್ರಂತೂ ಚಳಿಗೇ ಚರ್ಮ ಸುಟ್ಟೋಗುತ್ತೆ. ಇದ್ಯಾವ್ದೂ ಹೆಡ್‌ಸೆಟ್ಟಲ್ಲಿ ಗೊತ್ತಾಗಲ್ಲ. ಗೋಡೇಲಿ ನೇತಾಕಿರೋ ಅಸಲಿ ಸಿಲಿಂಡರ್ ಒಂದ್ಸಲ ಎತ್ತಿ ನೋಡ್ತೀವಿ ಅಂದ್ರೆ 'ಅದು ಇನ್‌ಸ್ಪೆಕ್ಷನ್‌ಗೆ ಸಾರ್, ಮುಟ್ಬೇಡಿ' ಅಂದ್ರು, ನಗ್ಬೇಕೋ ಅಳ್ಬೇಕೋ.

ಇನ್ನೊಂದು, ವಾಯ್ಸ್ ಎಲ್ಲಾ ಇಂಗ್ಲಿಷ್ ಇಲ್ಲಾಂದ್ರೆ ಹಿಂದಿ. ಶಿರಾ, ಪಾವಗಡ ಕಡೆ ಹುಡುಗ್ರು ಪಿಳಿಪಿಳಿ ನೋಡ್ತಿದ್ರು, ಟ್ರೈನರ್ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕೂಗಿ ಕೂಗಿ ಹೇಳ್ದ, ಪಾಪ ಒಳ್ಳೆ ಮನುಷ್ಯ.

ಎತ್ತರದಲ್ಲಿ ಕೆಲ್ಸ ಮಾಡೋ ಮಾಡ್ಯೂಲಲ್ಲಿ ಕೆಲವ್ರಿಗೆ ತಲೆ ಸುತ್ತುತ್ತೆ, ಕಣ್ಣು ಮುಂದೆ ಹೋಗ್ತಿರುತ್ತೆ ಕಾಲು ನಿಂತಲ್ಲೇ ಇರುತ್ತಲ್ಲ ಅದ್ಕೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಾರಿಸ್ಕೊಂಡು ಹೋಗ್ಬೇಡಿ, ವಾಪಸ್ ಬರೋವಾಗ ತಿನ್ನಿ.

ಐದಕ್ಕೆ ಮೂರು ಸ್ಟಾರ್. ಕಂಪ್ನಿ ದುಡ್ಡಾದ್ರೆ ಕಣ್ಮುಚ್ಕೊಂಡು ಹೋಗಿ. ಕೈಯಿಂದ ಕಟ್ಟೋರು ಮೊದ್ಲು ಫೋನ್ ಮಾಡಿ, ಒಂದು ಬ್ಯಾಚ್‌ಗೆ ಎಷ್ಟು ಹೆಡ್‌ಸೆಟ್ ಇದೆ, ನಿಜವಾದ ಸಿಲಿಂಡರ್ ಕೈಗೆ ಕೊಡ್ತಾರಾ ಅಂತ ಕೇಳ್ಕೊಳ್ಳಿ.