ಫ್ಲೂಗೆ ಲಸಿಕೆಯೋ, ಮಾತ್ರೆಯೋ?

"ಜ್ವರ ಬಂದರೆ ಮಾತ್ರೆ ಇದೆಯಲ್ಲ, ಲಸಿಕೆ ಯಾಕೆ?" ಎನ್ನುವವರೇ ಜಾಸ್ತಿ. ಆದರೆ ಫ್ಲೂ ವೈರಸ್ ಸುಮ್ನೆ ಕೂರುವುದಿಲ್ಲ. ತನ್ನ ರೂಪ ಬದಲಿಸಿಕೊಂಡು ಎರಡನ್ನೂ ಏಮಾರಿಸುತ್ತದೆ, ಬೇರೆ ಬೇರೆ ರೀತಿಯಲ್ಲಿ.

ಲಸಿಕೆ ಮುಖ್ಯವಾಗಿ ವೈರಸ್‌ನ ಹೊರಮೈಯ ಹೀಮಗ್ಲುಟಿನಿನ್ ಪ್ರೋಟೀನನ್ನು ದೇಹಕ್ಕೆ ಪರಿಚಯ ಮಾಡಿಸುತ್ತದೆ. ಅದು ಸ್ವಲ್ಪ ಸ್ವಲ್ಪವೇ ಬದಲಾಗುತ್ತಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯ ತಳಿಗಳನ್ನು ಆರಿಸುತ್ತದೆ. ಲೆಕ್ಕಾಚಾರ ತಪ್ಪುವುದೂ ಉಂಟು. 2014-15ರಲ್ಲಿ ಅಮೆರಿಕದಲ್ಲಿ ಎಚ್3ಎನ್2 ಎಂಬ ಫ್ಲೂ ವೈರಸ್ ಬದಲಾಗಿಬಿಟ್ಟಿತು, ಲಸಿಕೆಯ ಪರಿಣಾಮ ಶೇ 20ರ ಆಸುಪಾಸಿಗೆ ಇಳಿಯಿತು.

ಮಾತ್ರೆಯ ಕತೆ ಬೇರೆ. ಒಸೆಲ್ಟಾಮಿವಿರ್, ಅಂದರೆ ಟಾಮಿಫ್ಲೂ, ವೈರಸ್‌ನ ಇನ್ನೊಂದು ಪ್ರೋಟೀನಾದ ನ್ಯೂರಾಮಿನಿಡೇಸನ್ನು ತಡೆಯುತ್ತದೆ. ಅಲ್ಲಿ ಎಚ್275ವೈ ಎಂಬ ಒಂದೇ ಬದಲಾವಣೆ ಸಾಕು, ಮಾತ್ರೆ ನಾಟುವುದಿಲ್ಲ. 2008-09ರ ಹೊತ್ತಿಗೆ ಆಗಿನ ಮಾಮೂಲಿ ಎಚ್1ಎನ್1 ಬಹುತೇಕ ಹಾಗೇ ಆಗಿತ್ತು. ಉಸಿರಲ್ಲಿ ಎಳೆದುಕೊಳ್ಳುವ ಜಾನಾಮಿವಿರ್ ಆಗಲೂ ಕೆಲಸ ಮಾಡುತ್ತಿತ್ತು. ಆಮೇಲೆ 2009ರ ಹೊಸ ಎಚ್1ಎನ್1 ಬಂದು ಹಳೆಯದನ್ನು ಮೂಲೆಗೆ ತಳ್ಳಿತು. ಇದು ಬಹುಮಟ್ಟಿಗೆ ಒಸೆಲ್ಟಾಮಿವಿರ್‌ಗೆ ಬಗ್ಗುತ್ತದೆ. ನಮ್ಮ ಅದೃಷ್ಟ, ಅಲ್ವಾ?

ಬಲೋಕ್ಸಾವಿರ್ ಎಂಬ ಇನ್ನೊಂದು ಫ್ಲೂ ಮಾತ್ರೆಗೆ ಒಂದೇ ಡೋಸ್, ಅನುಕೂಲ. ಆದರೆ ಚಿಕಿತ್ಸೆ ಪಡೆದವರಲ್ಲೇ, ಅದರಲ್ಲೂ ಮಕ್ಕಳಲ್ಲಿ, ಈ ಮಾತ್ರೆಗೆ ಸುಲಭಕ್ಕೆ ಬಗ್ಗದ ಐ38ಟಿ ಎಂಬ ಬದಲಾವಣೆ ವೈರಸ್‌ನಲ್ಲಿ ಕಾಣಿಸಿಕೊಂಡಿದೆ. ಹಳೆಯ ಫ್ಲೂ ಮಾತ್ರೆ ಅಮಂಟಡೀನ್ ಅಂತೂ ಈಗ ಲೆಕ್ಕಕ್ಕಿಲ್ಲ.

ನನ್ನನ್ನು ಕೇಳಿದರೆ, ವಯಸ್ಸಾದವರು, ಗರ್ಭಿಣಿಯರು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಪ್ರತಿ ವರ್ಷ ಲಸಿಕೆ ಹಾಕಿಸಿಕೊಳ್ಳಲಿ. ಮಾತ್ರೆ ಅದರ ಬದಲಿಗಲ್ಲ. ಜ್ವರ ಶುರುವಾಗಿ 48 ಗಂಟೆಯೊಳಗೆ ಡಾಕ್ಟರ್ ಹೇಳಿದಂತೆ ತೆಗೆದುಕೊಂಡರೆ ಅದರ ಉಪಯೋಗ ಜಾಸ್ತಿ.