ತಗಡಿನ ಪಿಕೆಲ್‌ಹೌಬೆ ಕೊಳ್ಳುವವರೇ, ಹಣ ಕಳಿಸುವ ಮುಂಚೆ ಇದನ್ನು ಓದಿ

ಹಳೇ ಜರ್ಮನ್ ಸೇನೆಯ ಮೊನೆ ಹೆಲ್ಮೆಟ್ ಪಿಕೆಲ್‌ಹೌಬೆಯನ್ನು, ಅದರಲ್ಲೂ ಚರ್ಮದ ಬದಲು ತಗಡಿನಲ್ಲಿ ಮಾಡಿದ್ದನ್ನು ಹುಡುಕುತ್ತಿರುವವರು ನಮ್ಮ ಕನ್ನಡದವರಲ್ಲೂ ಇದ್ದಾರೆ. ಜರ್ಮನಿಗೆ ಕೆಲಸಕ್ಕೆ ಬಂದು ಇಲ್ಲಿನ ಹಳೇ ಸಾಮಾನಿನ ಸಂತೆ ಸುತ್ತುತ್ತಾ ಈ ಹುಚ್ಚು ಹಿಡಿಸಿಕೊಂಡವರಲ್ಲಿ ನಾನೂ ಒಬ್ಬ. ಆಗಿನ ಜರ್ಮನ್ ಸಾಮ್ರಾಜ್ಯದೊಳಗೆ ತನ್ನದೇ ಸೇನೆ ಇದ್ದ ಸಣ್ಣ ರಾಜ್ಯ ವ್ಯೂರ್ಟೆಂಬರ್ಗಿನ ತಗಡಿನ ಹೆಲ್ಮೆಟ್ ಅಂತ ಹೇಳಿ ಒಬ್ಬ ಮಾರಾಟಗಾರ ನನಗೆ ಕಳಿಸಿದ್ದು ಬೇರೆ ಸೇನೆಯ ಬುರುಡೆ, ಅಂದರೆ ಹೆಲ್ಮೆಟ್ಟಿನ ಚಿಪ್ಪು. ಅದಕ್ಕೆ ಹೊಸ ಬಣ್ಣ ಬಳಿದು, ಮುಂದೆ ವ್ಯೂರ್ಟೆಂಬರ್ಗ್ ಬಿಲ್ಲೆ ಸಿಕ್ಕಿಸಿದ್ದ. ಹಣ ಇನ್ನೂ ವಾಪಸ್ ಬಂದಿಲ್ಲ.

ಇವಕ್ಕೆ ಇಷ್ಟು ಬೆಲೆ ಯಾಕೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮುಂದೆ ಜರ್ಮನ್ ಸಾಮ್ರಾಜ್ಯದ ಅತಿದೊಡ್ಡ ರಾಜ್ಯವಾದ ಪ್ರಷ್ಯ 1842ರಲ್ಲಿ ಈ ಹೆಲ್ಮೆಟ್ ತಂದಾಗಿನಿಂದ ಸಾಮಾನ್ಯ ಸೈನಿಕನ ತಲೆಗೆ ಗಟ್ಟಿ ಮಾಡಿದ ಚರ್ಮವೇ ಇತ್ತು. 1914ರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ನೌಕಾಪಡೆ ಸಮುದ್ರ ದಾರಿ ಮುಚ್ಚಿತು. ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ತೊಗಲು ನಿಂತಿತು. ಆದರೆ ಸೇನೆಗೆ ಸೇರುವವರು ಲಕ್ಷಗಟ್ಟಲೆ. ಆಗ ಕೈಗೆ ಸಿಕ್ಕಿದ್ದರಲ್ಲೆಲ್ಲ ಹೆಲ್ಮೆಟ್ ಮಾಡಿದರು: ಉಣ್ಣೆಯ ಫೆಲ್ಟ್, ಒತ್ತಿದ ಫೈಬರ್, ಕಾರ್ಕ್, ತೆಳು ಉಕ್ಕಿನ ತಗಡು. ಇವನ್ನೇ ಎರ್ಸಾಟ್ಸ್, ಅಂದರೆ ಬದಲಿ, ಅಂತ ಕರೆಯುತ್ತಾರೆ. 1916ರಲ್ಲಿ ವರ್ಡನ್ ಯುದ್ಧದ ಹೊತ್ತಿಗೆ ನಿಜವಾದ ಉಕ್ಕಿನ ಹೆಲ್ಮೆಟ್ ಬಂತು, ಇವು ಮೂಲೆಗೆ ಬಿದ್ದವು. ಫೆಲ್ಟನ್ನು ನುಸಿ ತಿಂದಿತು, ತಗಡನ್ನು ತುಕ್ಕು ತಿಂದಿತು. ಉಳಿದದ್ದು ಕಡಿಮೆ.

ಈ ಅಭಾವವೇ ಮೋಸಗಾರರಿಗೆ ಅನುಕೂಲ. ನೂರು ವರ್ಷದ ಚರ್ಮವನ್ನು ನಕಲು ಮಾಡುವುದು ಕಷ್ಟ. ಅದರ ಮೆರುಗಿನಲ್ಲಿ ಬಿಡುವ ಸಣ್ಣ ಬಿರುಕು, ಕುಗ್ಗಿದ ಅಂಚು, ಹಳೇ ಹೊಲಿಗೆ, ಇವೆಲ್ಲ ಸುಮ್ನೆ ಬರುವುದಿಲ್ಲ. ತಗಡು ಹಾಗಲ್ಲ. ಕಪ್ಪು ಬಣ್ಣ ಬಳಿದು ಉಪ್ಪುನೀರು ಚಿಮುಕಿಸಿದರೆ ಕೆಲವೇ ದಿನದಲ್ಲಿ ತುಕ್ಕು ತಯಾರು. ನಮ್ಮ ಭಾರತದಲ್ಲೇ ಪಿಕೆಲ್‌ಹೌಬೆಯ ಪ್ರತಿಕೃತಿಗಳು ತಯಾರಾಗಿ ಹೊರದೇಶಕ್ಕೆ ಹೋಗುತ್ತವೆ. ಪ್ರತಿಕೃತಿ ಅಂತ ಹೇಳಿಯೇ ಮಾರುವವರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಕೊಂಡು, ಉಜ್ಜಿ, ಮಸಿ ಹಿಡಿಸಿ, ಅಜ್ಜನ ಅಟ್ಟದಲ್ಲಿ ಸಿಕ್ಕಿತು ಅಂತ ಮಾರುವವರ ಮೇಲೆ ನನ್ನ ಸಿಟ್ಟು.

ಈಗ ನನಗೆ ಬಂದ ಹೆಲ್ಮೆಟ್ಟಿನ ವಿಷಯ. ಮುಂದಿನ ಬಿಲ್ಲೆಯಲ್ಲಿ ಸಾರಂಗ, ಸಿಂಹ, ಕೆಳಗೆ ವ್ಯೂರ್ಟೆಂಬರ್ಗಿನ ಧ್ಯೇಯವಾಕ್ಯ. ಬಿಲ್ಲೆ ಹಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಬಲಗಡೆ ಇಡೀ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು ಕೊಕಾರ್ಡ್ (ಬಣ್ಣದ ದುಂಡು ಗುರುತು), ಎಡಗಡೆ ವ್ಯೂರ್ಟೆಂಬರ್ಗಿನ ಕಪ್ಪು-ಕೆಂಪು-ಕಪ್ಪು. ಹೊರಗಿನಿಂದ ನೋಡಿದರೆ ಎಲ್ಲ ಸರಿ.

ತಿರುಗಿಸಿ ನೋಡಿದಾಗ ಕಥೆ ಬೇರೆ. ಹಿಂದಿನ ಅಂಚಿನ ಕೆಳಗೆ, ಹೊಸ ಕಪ್ಪು ಬಣ್ಣದ ಅಡಿಯಲ್ಲಿ, ಒಂದು ಮುದ್ರೆ ಉಬ್ಬಿ ಕಾಣುತ್ತಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಓದಲು ಬಂತು: ಸೇನೆಯ ಬಟ್ಟೆಬರೆ ಉಗ್ರಾಣದ ಗುರುತು, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ 9, ಕೆಳಗೆ 1915. ಆ 9 ಅಂದರೆ ಒಂಬತ್ತನೇ ಸೇನಾ ಕೋರ್, ಸೇನೆಯ ಒಂದು ದೊಡ್ಡ ವಿಭಾಗ. ಅದು ಇದ್ದದ್ದು ಹ್ಯಾಂಬರ್ಗ್ ಪಕ್ಕದ ಆಲ್ಟೋನಾದಲ್ಲಿ, ಅದು ಪ್ರಷ್ಯದ್ದು. ಯುದ್ಧಕ್ಕೆ ಮುಂಚಿನಿಂದ ವ್ಯೂರ್ಟೆಂಬರ್ಗಿಗೆ ಇದ್ದದ್ದು ಒಂದೇ ಕೋರ್, ಸ್ಟುಟ್‌ಗಾರ್ಟಿನ ಹದಿಮೂರನೆಯದು. ಪ್ರಷ್ಯದ ಸೇನೆ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಅದರ ಹೆಲ್ಮೆಟ್‌ಗಳೇ ಜಾಸ್ತಿ ಸಿಗುತ್ತವೆ. ಸಣ್ಣ ರಾಜ್ಯದ ಬಿಲ್ಲೆ ಹಾಕಿದರೆ ಬೆಲೆ ಏರುತ್ತದೆ. ಆಟ ಅಷ್ಟೇ.

ಆದರೂ ಮುದ್ರೆಯೊಂದನ್ನೇ ನೆಚ್ಚಿಕೊಂಡು ತೀರ್ಮಾನ ಮಾಡಬಾರದು ಅಲ್ವಾ? ಅದಕ್ಕೇ ಬಿಲ್ಲೆಯನ್ನು ಬಿಚ್ಚಿದೆ. ಸೈನಿಕರ ಬಿಲ್ಲೆಯ ಹಿಂದೆ ಎರಡು ಕೊಂಡಿಗಳಿರುತ್ತವೆ, ಅವು ಬುರುಡೆಯ ಎರಡು ತೂತಿನಲ್ಲಿ ಒಳಗೆ ಹೋಗುತ್ತವೆ. ಬೇರೆ ಬೇರೆ ರಾಜ್ಯದ ಬಿಲ್ಲೆಗೆ ತೂತುಗಳ ಅಂತರ ಬೇರೆ. ನನ್ನದರಲ್ಲಿ ಬಿಲ್ಲೆಯ ಹಿಂದೆ ಎರಡಲ್ಲ, ನಾಲ್ಕು ತೂತು. ಎರಡನ್ನು ಪುಟ್ಟಿ ತುಂಬಿ ಮುಚ್ಚಿ ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರಿತು. ಹೊಸದಾಗಿ ಕೊರೆದ ತೂತಿನ ಅಂಚು ತುಕ್ಕಿಲ್ಲದೆ ಹೊಳೆಯುತ್ತಿತ್ತು.

ಹಾಗಾಗಿ ಯಾರೇ ಮಾರಲಿ, ಬಿಲ್ಲೆ ತೆಗೆದು ಬುರುಡೆಯ ಮುಂಭಾಗದ ಫೋಟೋ ಕೇಳಿ. ಬಿಚ್ಚಿದರೆ ಹಾಳಾಗುತ್ತದೆ ಅಂದರೆ ಕನಿಷ್ಠ ಒಳಗಿನಿಂದ ಕೊಂಡಿಯ ಜಾಗದ ಫೋಟೋ ಕೇಳಿ. ಸಣ್ಣ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಉಕ್ಕಿನ ಬುರುಡೆಯ ಮೇಲೆ ಜಾರಿಸುತ್ತಾ ಹೋದರೆ ಪುಟ್ಟಿ ಇರುವಲ್ಲಿ ಹಿಡಿತ ಸಡಿಲವಾಗುತ್ತದೆ. 1915ರ ಮಾದರಿಯಲ್ಲಿ ಬಿಲ್ಲೆ, ಮೊನೆ ಎಲ್ಲ ಬೂದು ಬಣ್ಣದ ಉಕ್ಕು, ಮ್ಯಾಗ್ನೆಟ್ ಅಂಟಬೇಕು. ಅದರ ಮೊನೆಯನ್ನು ತಿರುಗಿಸಿ ತೆಗೆಯಲೂ ಬರಬೇಕು. ಹಿತ್ತಾಳೆ ಕಂಡ ಕೂಡಲೇ ನಕಲು ಅನ್ನಬೇಡಿ, ಯುದ್ಧದ ಮೊದಲ ತಿಂಗಳುಗಳ ಬದಲಿ ಹೆಲ್ಮೆಟ್‌ಗಳಿಗೆ ಹಿತ್ತಾಳೆ ಭಾಗಗಳನ್ನು ಹಾಕಿದ್ದುಂಟು. ತಲೆಗೆ ತಾಗುವ ಒಳಪಟ್ಟಿಯ ಹೊಲಿಗೆಗೆ ನೇರಳಾತೀತ ಟಾರ್ಚ್ ಹಿಡಿಯಿರಿ. ದಾರ ನೀಲಿ-ಬಿಳುಪಾಗಿ ಹೊಳೆದರೆ ಅದು ಇತ್ತೀಚಿನದು ಅಂತಲೇ ಅನುಮಾನಿಸಿ. ಅಡ್ಡಗೀರಿನ ಪ್ಲಸ್ ಸ್ಕ್ರೂ ಕಂಡರಂತೂ ಮುಂದೆ ನೋಡುವುದೇ ಬೇಡ, ಅದು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಮಾರಾಟಗಾರನಿಗೆ ತೂತಿನ ಫೋಟೋ ಕಳಿಸಿದೆ. ಯುದ್ಧದಲ್ಲಿ ಸೈನಿಕರೇ ಹಾಗೆ ಬದಲಾಯಿಸಿಕೊಳ್ಳುತ್ತಿದ್ದರು ಅಂದ. ನೂರು ವರ್ಷದ ಹಿಂದೆ ಬದಲಾಯಿಸಿದ್ದರೆ ತೂತಿನ ಅಂಚು ಹೇಗೆ ಹೊಳೆಯುತ್ತದೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಜೊತೆಗೆ ಕಳಿಸಿದ್ದ ‘ಅಸಲಿ ಪತ್ರ’ಕ್ಕೆ ಸಹಿ ಹಾಕಿದ್ದವನೂ ಅವನೇ.

ಕಾನೂನಿನ ಕಡೆಯೂ ಒಂದು ಬಲೆ ಇದೆ. ಜರ್ಮನಿಯಲ್ಲಿ ಅಂಗಡಿಯವರು ಆನ್‌ಲೈನಿನಲ್ಲಿ ಮಾರಿದರೆ ಗ್ರಾಹಕನಿಗೆ 14 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ. ಖಾಸಗಿ ವ್ಯಕ್ತಿ ಮಾರಿದರೆ ಆ ಹಕ್ಕಿಲ್ಲ. ಈತ ಹೆಲ್ಮೆಟ್‌ಗಳನ್ನು ಸಾಲುಸಾಲಾಗಿ ಮಾರುವ ವ್ಯಾಪಾರಿ, ಆದರೆ ಜಾಹೀರಾತಿನಲ್ಲಿ ‘ಖಾಸಗಿ ಮಾರಾಟ, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ’ ಅಂತ ಹಾಕುತ್ತಾನೆ. ಗೊತ್ತಿದ್ದೂ ದೋಷ ಮುಚ್ಚಿಟ್ಟವನಿಗೆ ಆ ಸಾಲು ರಕ್ಷಣೆ ಕೊಡುವುದಿಲ್ಲ, ಆದರೆ ಅವನಿಗೆ ಗೊತ್ತಿತ್ತು ಅಂತ ತೋರಿಸುವ ಹೊಣೆ ಕೊಂಡವನ ಮೇಲೆ ಬೀಳುತ್ತದೆ. ಅದಕ್ಕೇ ಜಾಹೀರಾತು, ಫೋಟೋ, ಮಾತುಕತೆ ಎಲ್ಲದರ ಸ್ಕ್ರೀನ್‌ಶಾಟ್ ಹಣ ಕೊಡುವ ಮುಂಚೆಯೇ ತೆಗೆದಿಡಿ. ಆನ್‌ಲೈನ್ ಪಾವತಿಯಲ್ಲಿ ‘ಸ್ನೇಹಿತರಿಗೆ ಹಣ’ ಅನ್ನುವ ದಾರಿಯಲ್ಲಿ ಕಳಿಸು ಅಂದರೆ ಒಪ್ಪಲೇಬೇಡಿ, ಅದಕ್ಕೆ ಕೊಳ್ಳುವವರ ರಕ್ಷಣೆ ಇರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಆತ ನನಗೆ ಮೊದಲು ಕಳಿಸಿದ ಫೋಟೋದಲ್ಲಿ ಒಳಪಟ್ಟಿಯ ಚರ್ಮದ ನಾಲಿಗೆಗಳಲ್ಲಿ ಒಂದು ಅರ್ಧಕ್ಕೆ ಹರಿದಿತ್ತು, ಪಕ್ಕದಲ್ಲಿ ಕಂದು ಕಲೆ ಇತ್ತು. ನನಗೆ ಬಂದ ಹೆಲ್ಮೆಟ್ಟಿನಲ್ಲಿ ಎಲ್ಲ ನಾಲಿಗೆಗಳೂ ಇಡಿಯಾಗಿವೆ. ಅದೇ ಹರಿದ ನಾಲಿಗೆ, ಅದೇ ಕಲೆಯ ಫೋಟೋ ಈಗ ಬಾಡೆನ್ ಅನ್ನುವ ಮತ್ತೊಂದು ಜರ್ಮನ್ ರಾಜ್ಯದ ಬಿಲ್ಲೆಯ ಇನ್ನೊಂದು ತಗಡಿನ ಹೆಲ್ಮೆಟ್ಟಿನ ಜಾಹೀರಾತಿನಲ್ಲಿ ಓಡಾಡುತ್ತಿದೆ. ನಿಮಗೂ ಅದು ಬಂದರೆ, ಹೆಲ್ಮೆಟ್ಟಿನ ಒಳಗೆ ಅವತ್ತಿನ ತಾರೀಕು ಬರೆದ ಚೀಟಿ ಇಟ್ಟು ಹೊಸ ಫೋಟೋ ಕಳಿಸಲು ಹೇಳಿ. ಕಳಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.