ಪ್ರಾಗ್‌ಗೆ ಹೋಗುತ್ತಿದ್ದೀರಾ? ಟಿಕೆಟ್ ಕೊಂಡರೆ ಸಾಲದು, ಮುದ್ರೆ ಹಾಕಿಸಿ

ಯುರೋಪ್ ಪ್ರವಾಸದ ಪಟ್ಟಿಯಲ್ಲಿ ಪ್ರಾಗ್ ಇದ್ದರೆ ಹೊರಡುವ ಮೊದಲು ಇದನ್ನು ಒಮ್ಮೆ ಓದಿಕೊಳ್ಳಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಂತೂ ತಪ್ಪದೆ ಓದಿ. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲೇ ಇತ್ತು. ಆದರೂ ಟಿಕೆಟ್ ಇಲ್ಲದವರ ಸಾಲಿನಲ್ಲಿ ನಿಂತು 2000 ಕೊರುನಾ ದಂಡ ಕಟ್ಟಿದೆವು. ಆಗಿನ ಲೆಕ್ಕದಲ್ಲಿ ಅದು 7000 ರೂಪಾಯಿಗೂ ಜಾಸ್ತಿ. ದುಡ್ಡು ಹೋದದ್ದಕ್ಕಿಂತ ಆಗ ಅಮ್ಮನ ಮುಖ ನೋಡುವುದೇ ಕಷ್ಟವಾಯಿತು.

2023ರ ಮೇ ತಿಂಗಳು. ಅಪ್ಪ, ಅಮ್ಮ, ನಾನು ಮೂವರೇ ಹೋಗಿದ್ದೆವು. ಟೂರ್ ಕಂಪನಿ ಬೇಡ, ಬಸ್ಸು ಟ್ರಾಮ್ ಹಿಡಿದು ನಿಧಾನವಾಗಿ ಊರು ನೋಡೋಣ ಅಂತ ಲೆಕ್ಕ ಹಾಕಿದ್ದೆ. ಆ ನಿರ್ಧಾರ ಈಗಲೂ ಸರಿ ಅನ್ನುತ್ತೇನೆ. ಪ್ರಾಗ್‌ನಲ್ಲಿ ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. ಟೈಮಿಗೆ ಸರಿಯಾಗಿ ಬರುತ್ತವೆ. ನಮ್ಮ ರೂಮು ನಾಮ್ಯೆಸ್ತಿ ಮೀರು ಅನ್ನುವ ಚೌಕದ ಹತ್ತಿರ ಇತ್ತು. ಅಲ್ಲಿಂದ 22ನೇ ನಂಬರಿನ ಟ್ರಾಮ್ ಹತ್ತಿದರೆ ನಡುವೆ ಇಳಿದು ಬದಲಿಸುವ ಕೆಲಸವೇ ಇಲ್ಲ. ರಾಷ್ಟ್ರೀಯ ರಂಗಮಂದಿರ ದಾಟಿ, ಸೇತುವೆ ಮೇಲೆ ವ್ಲ್ತಾವಾ ನದಿ ದಾಟಿ, ಗುಡ್ಡ ಹತ್ತಿ ಸೀದಾ ಕೋಟೆಯ ಹತ್ತಿರ ಬಿಡುತ್ತದೆ. ಸೇತುವೆ ಮೇಲೆ ಬಲಗಡೆ ಕಿಟಕಿಯಲ್ಲಿ ಕೋಟೆ ಕಂಡಾಗ ಅಮ್ಮ ನನ್ನ ಕೈ ಹಿಡಿದುಕೊಂಡರು.

ಮೊದಲ ದಿನ ನಾವು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ಎಡವಿದ್ದೂ ಅದರಿಂದಲೇ. ಟ್ರಾಮ್ ಒಳಗೇ ಕಾರ್ಡ್ ಮುಟ್ಟಿಸಿ ಟಿಕೆಟ್ ಕೊಳ್ಳುವ ಯಂತ್ರ ಇರುತ್ತದೆ. ಅದರಲ್ಲಿ ಮೂರು ಟಿಕೆಟ್ ತೆಗೆದೆ. ಹೀಗೆ ಟ್ರಾಮ್ ಒಳಗೆ ಕೊಂಡ ಟಿಕೆಟ್ ಮೇಲೆ ಸಮಯ ಆಗಲೇ ಅಚ್ಚಾಗಿ ಬರುತ್ತದೆ. ಬೇರೇನೂ ಮಾಡಬೇಕಿಲ್ಲ. ಪ್ರಾಗ್‌ನ ಟಿಕೆಟ್ ಅಂದರೆ ಇಷ್ಟೇ ಅಂತ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಬೆಳಿಗ್ಗೆ ಮೆಟ್ರೋದಲ್ಲಿ ಹೋಗೋಣ ಅಂದುಕೊಂಡೆವು. ಚೌಕದ ಹತ್ತಿರ ಪೇಪರ್, ಸಿಗರೇಟ್ ಮಾರುವ ಅಂಗಡಿ ಇತ್ತು. ಇಂಥ ಅಂಗಡಿಯನ್ನು ಅಲ್ಲಿಯವರು ತ್ರಾಫಿಕಾ ಅನ್ನುತ್ತಾರೆ. 90 ನಿಮಿಷದ ಮೂರು ಟಿಕೆಟ್ ಕೇಳಿದೆ. ಆಗ ಒಂದಕ್ಕೆ 40 ಕೊರುನಾ. ಅಂಗಡಿಯವರು ಎಣಿಸಿ ಕೊಟ್ಟರು, ನಾನು ಪರ್ಸಿನಲ್ಲಿ ಇಟ್ಟುಕೊಂಡೆ. ಆ ಟಿಕೆಟ್ ಮೇಲೆ ತಾರೀಕೂ ಇಲ್ಲ, ಸಮಯವೂ ಇಲ್ಲ. ಒಂದು ತುದಿಯಲ್ಲಿ ಸುಮ್ನೆ ಖಾಲಿ ಜಾಗ, ಪಕ್ಕದಲ್ಲಿ ಬಾಣದ ಗುರುತು. ಆ ಖಾಲಿ ಜಾಗ ಯಾಕೆ ಅಂತ ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು.

ಸ್ಟೇಷನ್ ಒಳಗೆ ಗೇಟಿಲ್ಲ. ತಡೆಯುವವರಿಲ್ಲ. ನಮ್ಮ ಮೆಟ್ರೋದಲ್ಲಿ ಕಾರ್ಡ್ ಮುಟ್ಟಿಸದೆ ಗೇಟು ತೆರೆಯುವುದೇ ಇಲ್ಲ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೈಗಿಟ್ಟರೆ ಅಲ್ಲಿಗೆ ಮುಗಿಯಿತು. ಕೊಂಡ ಟಿಕೆಟ್ಟಿಗೆ ನಾವೇ ಮತ್ತೆ ಮುದ್ರೆ ಹಾಕಿಸಬೇಕು ಅನ್ನುವುದು ನಮ್ಮ ಅಭ್ಯಾಸದಲ್ಲೇ ಇಲ್ಲ, ಅಲ್ವಾ? ಎಸ್ಕಲೇಟರ್ ಶುರುವಾಗುವ ಜಾಗದಲ್ಲಿ ಆ ಮುದ್ರೆ ಹಾಕುವ ಹಳದಿ ಬಣ್ಣದ ಚಿಕ್ಕ ಪೆಟ್ಟಿಗೆಗಳು ನಿಂತಿದ್ದವು. ನಾನು ಅವನ್ನು ನೋಡಿದೆ. ಊರಿನವರು ಅವುಗಳ ಪಕ್ಕದಿಂದ ದಡದಡ ನಡೆದು ಹೋಗುತ್ತಿದ್ದರು. ಒಬ್ಬರೂ ಟಿಕೆಟ್ ಹಾಕಲಿಲ್ಲ. ನಾವೂ ಅವರ ಹಿಂದೆಯೇ ಹೋದೆವು.

ಅವರು ಯಾಕೆ ಹಾಕಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಅಲ್ಲಿ ವಾಸ ಮಾಡುವ ಬಹಳ ಜನರ ಹತ್ತಿರ ವರ್ಷದ ಪಾಸ್ ಇರುತ್ತದೆ. ಆಗ ಅದಕ್ಕೆ 3650 ಕೊರುನಾ, ಅಂದರೆ ದಿನಕ್ಕೆ 10 ಕೊರುನಾ. ಪಾಸ್ ಇದ್ದವರಿಗೆ ಮುದ್ರೆ ಬೇಕಿಲ್ಲ. ಗೊತ್ತಿಲ್ಲದ ಊರಿನಲ್ಲಿ ಅಲ್ಲಿಯವರನ್ನು ನೋಡಿ ಕಲಿಯುವುದು ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇವೆ. ಈ ಒಂದು ವಿಷಯದಲ್ಲಿ ಹಾಗೆ ಮಾಡಿದರೆ ಸೀದಾ ದಂಡಕ್ಕೆ ಸಿಕ್ಕಿಬೀಳುತ್ತೀರಿ.

ನಾಮ್ಯೆಸ್ತಿ ಮೀರು ಸ್ಟೇಷನ್ ತುಂಬಾ ಆಳ. ನೆಲದಿಂದ 53 ಮೀಟರ್ ಕೆಳಗೆ. ಎಸ್ಕಲೇಟರ್ ಉದ್ದವೇ 87 ಮೀಟರ್. ಮೇಲೆ ನಿಂತು ನೋಡಿದರೆ ಕೊನೆ ಸಣ್ಣದಾಗಿ ಕಾಣುತ್ತದೆ. ಅಮ್ಮ ಹೆದರಿಕೊಂಡು ಕಂಬಿ ಬಿಡಲೇ ಇಲ್ಲ. ಇಳಿಯಲು ಎರಡು ನಿಮಿಷಕ್ಕೂ ಜಾಸ್ತಿ ಬೇಕಾಯಿತು. ಅರ್ಧ ದಾರಿಯಲ್ಲಿ ಕೆಳಗೆ ಇಬ್ಬರು ನಿಂತಿರುವುದು ಕಂಡಿತು. ಸಾಮಾನ್ಯ ಜಾಕೆಟ್, ಜೀನ್ಸ್. ಯಾರನ್ನೋ ಕಾಯುತ್ತಿದ್ದಾರೆ ಅಂದುಕೊಂಡೆ.

ಕಾಲು ನೆಲಕ್ಕೆ ಇಡುತ್ತಲೇ ಒಬ್ಬರು ಅಂಗೈ ತೆರೆದು ಲೋಹದ ಬಿಲ್ಲೆ ತೋರಿಸಿದರು. ಟಿಕೆಟ್ ಕೇಳಿದರು. ನಾನು ಖುಷಿಯಿಂದಲೇ ಮೂರೂ ಟಿಕೆಟ್ ತೆಗೆದು ಕೊಟ್ಟೆ. ಅವರು ತಿರುಗಿಸಿ ನೋಡಿದರು. ಖಾಲಿ ಜಾಗದ ಮೇಲೆ ಬೆರಳಿಟ್ಟು "ಸ್ಟಾಂಪ್ ಇಲ್ಲ" ಅಂದರು. ಈಗಲೇ ಮೇಲೆ ಹೋಗಿ ಹಾಕಿಸಿಕೊಂಡು ಬರುತ್ತೇನೆ ಅಂದೆ. ಆಗುವುದಿಲ್ಲ ಅಂದರು. ಆ ಹಳದಿ ಪೆಟ್ಟಿಗೆ ದಾಟಿದ ಮೇಲೆ ನೀವು ಟಿಕೆಟ್ ಬೇಕಾದ ಜಾಗದಲ್ಲಿ ಇದ್ದೀರಿ ಅಂತ ಅರ್ಥ. ಮುದ್ರೆ ಇಲ್ಲದ ಟಿಕೆಟ್, ಟಿಕೆಟ್ ಅಲ್ಲವೇ ಅಲ್ಲ. ಈ ನಿಮಿಷವಷ್ಟೇ ಕೊಂಡದ್ದು, ಪ್ರವಾಸಕ್ಕೆ ಬಂದವರು, ಗೊತ್ತಿರಲಿಲ್ಲ ಅಂತ ಎಷ್ಟು ಹೇಳಿದರೂ ಅಷ್ಟೇ. ಅವರು ಕೂಗಾಡಲಿಲ್ಲ, ಒರಟಾಗಿ ನಡೆದುಕೊಳ್ಳಲಿಲ್ಲ. ನಿಯಮ ಅಂದರು, ಒಬ್ಬರಿಗೆ 1000 ಕೊರುನಾ ಅಂದರು.

ಅಮ್ಮನಿಗೆ ಭಾಷೆ ಅರ್ಥವಾಗಲಿಲ್ಲ, ಆದರೆ ನಡೆಯುತ್ತಿರುವುದು ಏನು ಅಂತ ಅರ್ಥವಾಯಿತು. "ದುಡ್ಡು ಕೊಟ್ಟು ತಗೊಂಡಿದ್ದೀವಲ್ಲಪ್ಪ, ನಾವೇನು ಕದ್ದು ಬಂದವರಾ" ಅಂತ ಕನ್ನಡದಲ್ಲೇ ಅವರಿಗೆ ಹೇಳಿದರು. ಜನ ನಮ್ಮನ್ನು ನೋಡುತ್ತಾ ಹೋಗುತ್ತಿದ್ದರು. ರೈಲು ಬಂತು, ಬಾಗಿಲು ಹಾಕುವ ಮೊದಲಿನ ಪ್ರಕಟಣೆ ಕೇಳಿತು, ರೈಲು ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು. ಐವತ್ತೆಂಟು ವರ್ಷದಲ್ಲಿ ಒಂದು ದಿನವೂ ಟಿಕೆಟ್ ಇಲ್ಲದೆ ಬಸ್ ಹತ್ತಿದವರಲ್ಲ ನನ್ನ ಅಮ್ಮ. ಅವರು ತಲೆ ತಗ್ಗಿಸಿ ನಿಂತದ್ದು ನನಗೆ ಇನ್ನೂ ಮರೆಯಲು ಆಗಿಲ್ಲ.

ಇನ್ನೊಂದು ವಿಷಯ ಗೊತ್ತಾದದ್ದೂ ಅಲ್ಲೇ. ಗುರುತಿಗೆ ಪಾಸ್‌ಪೋರ್ಟ್ ಕೇಳಿದರು. ಅಪ್ಪನದನ್ನು ನೋಡಿ ಅವರಿಗೆ ದಂಡ ಇಲ್ಲ ಅಂದರು. ಪ್ರಾಗ್ ಊರೊಳಗೆ 65 ದಾಟಿದವರಿಗೆ ಪ್ರಯಾಣ ಉಚಿತ, ಪ್ರವಾಸಿಗರಿಗೂ ಸೇರಿ. ಫೋಟೋ, ಹುಟ್ಟಿದ ತಾರೀಕು ಇರುವ ಗುರುತಿನ ದಾಖಲೆ ಹತ್ತಿರ ಇದ್ದರೆ ಸಾಕು. 15 ವರ್ಷ ತುಂಬದ ಮಕ್ಕಳಿಗೂ ಉಚಿತ, ಅವರಿಗೂ ವಯಸ್ಸಿನ ದಾಖಲೆ ಇಟ್ಟುಕೊಳ್ಳಿ. ಅಪ್ಪನಿಗೆ ಅರವತ್ತೆಂಟು. ಹಿಂದಿನ ದಿನದಿಂದ ಅವರಿಗೂ ಟಿಕೆಟ್ ಕೊಂಡು ಸುಮ್ನೆ ದುಡ್ಡು ಹಾಕಿದ್ದೆ. ಹೊರಡುವ ಮೊದಲು ಅರ್ಧ ಗಂಟೆ ಕೂತು ಓದಿದ್ದರೆ ಎರಡೂ ನಷ್ಟ ತಪ್ಪುತ್ತಿತ್ತು.

ನಿಮಗೆ ಹೀಗಾಗಬಾರದು ಅಂದರೆ ಟಿಕೆಟ್ ಎಲ್ಲಿ ಕೊಂಡಿರಿ ಅನ್ನುವುದನ್ನು ನೆನಪಿಡಿ. ಟ್ರಾಮ್ ಒಳಗೆ ಕಾರ್ಡಿನಲ್ಲಿ ಕೊಂಡದ್ದಕ್ಕೆ ಮುದ್ರೆ ಬೇಡ. ಅಂಗಡಿಯಲ್ಲಿ ಕೊಂಡದ್ದಕ್ಕೆ ಬೇಕೇ ಬೇಕು. ಬೇರೆಲ್ಲಿ ಕೊಂಡರೂ ಟಿಕೆಟ್ ಮೇಲೆ ತಾರೀಕು, ಸಮಯ ಅಚ್ಚಾಗಿದೆಯಾ ಅಂತ ಕಣ್ಣಿಟ್ಟು ನೋಡಿ. ಇಲ್ಲದಿದ್ದರೆ ಬಾಣ ತೋರಿಸುವ ತುದಿಯನ್ನು ಹಳದಿ ಪೆಟ್ಟಿಗೆಗೆ ತೂರಿಸಿ. ಟಕ್ ಅಂತ ಸದ್ದಾಗುತ್ತದೆ. ಹೊರಗೆ ತೆಗೆದು ಅಂಕಿ ಬಿದ್ದಿದೆಯಾ ನೋಡಿ. ಮೆಟ್ರೋದಲ್ಲಿ ಈ ಪೆಟ್ಟಿಗೆ ಕೆಳಗಿಳಿಯುವ ಮೊದಲೇ ಇರುತ್ತದೆ. ಬಸ್ಸು, ಟ್ರಾಮ್‌ನಲ್ಲಿ ಒಳಗೆ ಇರುತ್ತದೆ, ಹತ್ತಿದ ತಕ್ಷಣ ಹಾಕಬೇಕು.

ಒಂದು ಟಿಕೆಟ್ಟಿಗೆ ಮುದ್ರೆ ಒಂದೇ ಸಲ. 24 ಗಂಟೆ, 72 ಗಂಟೆಯ ಟಿಕೆಟ್ಟಿಗೂ ಹಾಗೆಯೇ. ಹತ್ತಿದಾಗಲೆಲ್ಲ ಹಾಕುತ್ತಾ ಹೋದರೆ ಅಂಕಿ ಮೇಲೆ ಅಂಕಿ ಬಿದ್ದು ಟಿಕೆಟ್ಟೇ ಕೆಡುತ್ತದೆ, ಮತ್ತೆ ದಂಡ. ಲೆಕ್ಕ ಶುರುವಾಗುವುದು ಮುದ್ರೆ ಬಿದ್ದ ನಿಮಿಷದಿಂದ. ವಯಸ್ಸಾದವರ ಜೊತೆ ಹೋಗುವಾಗ 30 ನಿಮಿಷದ ಟಿಕೆಟ್ಟಿಗೆ ಆಸೆಪಡಬೇಡಿ. ಟ್ರಾಮ್ ಎಲ್ಲೋ ನಿಂತರೆ, ಅಮ್ಮ ಒಂದು ಕ್ಷಣ ಕೂರುತ್ತೇನೆ ಅಂದರೆ, ಅರ್ಧ ಗಂಟೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಒಂದಿಡೀ ದಿನ ಸುತ್ತುವುದಾದರೆ 24 ಗಂಟೆಯದ್ದೇ ನೆಮ್ಮದಿ. ದರಗಳು ಆಮೇಲೆ ಬದಲಾಗಿವೆ, ಹೋಗುವ ಮೊದಲು ನೋಡಿಕೊಳ್ಳಿ.

ಪಿಐಡಿ ಲೀಟಾಚ್ಕಾ ಅನ್ನುವ ಆ್ಯಪ್‌ನಲ್ಲೂ ಟಿಕೆಟ್ ಸಿಗುತ್ತದೆ. ಅಲ್ಲೂ ಕೊಂಡ ಮೇಲೆ ಚಾಲೂ ಮಾಡಬೇಕು. ಚಾಲೂ ಮಾಡಿದ ತಕ್ಷಣ ಅದು ಲೆಕ್ಕಕ್ಕೆ ಬರುವುದಿಲ್ಲ, ಸ್ವಲ್ಪ ಹೊತ್ತು ಕಾಯಿಸುತ್ತದೆ. ತಪಾಸಣೆಯವರನ್ನು ಕಂಡ ಮೇಲೆ ಒತ್ತಿದರೆ ಪ್ರಯೋಜನ ಇಲ್ಲ. ಹತ್ತುವ ಮೊದಲೇ ಒತ್ತಿ, ಕಾದು, ಆಮೇಲೆ ಹತ್ತಿ.

ಯಾರಾದರೂ ನಿಲ್ಲಿಸಿ ದಂಡ ಕೇಳಿದರೆ ಮೊದಲು ಬಿಲ್ಲೆ ನೋಡಿ. ದುಡ್ಡು ಕೊಟ್ಟರೆ ರಸೀದಿ ಕೇಳಿ ಪಡೆಯಿರಿ. ರಸೀದಿ ಕೊಡುವುದಿಲ್ಲ ಅಂದರೆ ದುಡ್ಡು ಕೊಡಬೇಡಿ, ಪೊಲೀಸರನ್ನು ಕರೆಯೋಣ ಅನ್ನಿ. ನಮಗೆ ಸಿಕ್ಕವರು ರಸೀದಿ ಬರೆದುಕೊಟ್ಟರು. ಇನ್ನು 22ನೇ ಟ್ರಾಮ್ ಚೆನ್ನಾಗಿದೆ ಅಂತ ಹೊಗಳಿದೆನಲ್ಲ, ಪ್ರವಾಸಿಗರು ತುಂಬಿರುವ ಆ ಟ್ರಾಮ್ ಜೇಬುಗಳ್ಳರಿಗೂ ಇಷ್ಟ. ಬಾಗಿಲ ಹತ್ತಿರ ತಳ್ಳಾಟ ಶುರುವಾದರೆ ಬ್ಯಾಗನ್ನು ಎದೆಗೆ ಒತ್ತಿಕೊಳ್ಳಿ.

ಈ ಮುದ್ರೆಯ ಕಥೆ ಪ್ರಾಗ್‌ನಲ್ಲಿ ಮಾತ್ರ ಅಲ್ಲ. ವಿಯೆನ್ನಾ, ಬರ್ಲಿನ್ ಮೆಟ್ರೋಗಳಲ್ಲೂ ಗೇಟಿಲ್ಲ. ಅಲ್ಲೂ ಮುದ್ರೆ ಇಲ್ಲದ ಕಾಗದದ ಟಿಕೆಟ್ಟಿಗೆ ನೀವೇ ಹಾಕಿಸಬೇಕು. ವಿಯೆನ್ನಾದಲ್ಲಿ ಪ್ಲಾಟ್‌ಫಾರ್ಮಿಗೆ ಹೋಗುವ ಮೊದಲು, ಬರ್ಲಿನ್‌ನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ.

ದಂಡ ಕಟ್ಟಿದ ದಿನ ಅಮ್ಮ ಎಲ್ಲಿಗೂ ಬರುವುದಿಲ್ಲ ಅಂದರು. ಮಧ್ಯಾಹ್ನದವರೆಗೂ ರೂಮಿನಲ್ಲೇ ಇದ್ದೆವು. ಚಾರ್ಲ್ಸ್ ಸೇತುವೆ ಸಂಜೆ ನೋಡಿದೆವು. ಮೂರನೇ ದಿನ ಅಮ್ಮ ತಮ್ಮ ಟಿಕೆಟ್ ನನ್ನ ಕೈಗೆ ಕೊಡಲಿಲ್ಲ. ತಾವೇ ಪೆಟ್ಟಿಗೆಗೆ ಹಾಕಿ, ಕನ್ನಡಕ ಸರಿಮಾಡಿಕೊಂಡು ಅಂಕಿಗಳನ್ನು ಒಂದೊಂದಾಗಿ ಓದಿದರು. ಅಷ್ಟರಲ್ಲಿ ನಮ್ಮ ದೇಶದ್ದೇ ಒಂದು ಕುಟುಂಬ ನಮ್ಮ ಹಾಗೆಯೇ ಪೆಟ್ಟಿಗೆ ದಾಟಿ ಎಸ್ಕಲೇಟರ್ ಕಡೆ ನಡೆಯುತ್ತಿತ್ತು. ಅಮ್ಮ ಓಡಿ ಹೋಗಿ ಆ ಹೆಂಗಸಿನ ಕೈ ಹಿಡಿದು ನಿಲ್ಲಿಸಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅಮ್ಮ ತಮ್ಮ ಟಿಕೆಟ್ ತೋರಿಸಿದರು, ಪೆಟ್ಟಿಗೆ ತೋರಿಸಿದರು. ಅವರು ನಾಲ್ಕು ಟಿಕೆಟ್ ತೆಗೆದರು. ನಾಲ್ಕೂ ಖಾಲಿ.

ವಾಪಸ್ ಬರುವ ದಿನ ವಿಮಾನ ನಿಲ್ದಾಣಕ್ಕೂ ಅದೇ 90 ನಿಮಿಷದ ಟಿಕೆಟ್ಟಿನಲ್ಲಿ ಹೋದೆವು. ಹಸಿರು ಬಣ್ಣದ ಎ ಲೈನ್ ಹಿಡಿದು ನಾದ್ರಾಜಿ ವೆಲೆಸ್ಲಾವೀನ್‌ನಲ್ಲಿ ಇಳಿದು ಬಸ್ ಹತ್ತಬೇಕು. ಆಗ 119ನೇ ಬಸ್ ಇತ್ತು, 2024ರಿಂದ ಅದರ ಜಾಗದಲ್ಲಿ 59ನೇ ನಂಬರಿನ ಟ್ರಾಲಿಬಸ್ ಓಡುತ್ತಿದೆ. ಮೆಟ್ರೋದಲ್ಲಿ ಮುದ್ರೆ ಹಾಕಿಸಿದ್ದರೆ ಅದರಲ್ಲಿ ಮತ್ತೆ ಹಾಕಿಸಬೇಡಿ.